ಮಗ್ಗ ನಿಂತ ಹೊತ್ತು: ಬನಹಟ್ಟಿಯ ಒಂದು ಮನೆ, ಒಂದು ಕೂಸು, ಐದು ಪುಸ್ತಕ

ಗುಂಡ್ಯಾನ ಮನೆಗೆ ನಾನು ಮೊದಲ ಸಲ ಹೋದದ್ದು ಹೋದ ವರ್ಷದ ಮೇ ತಿಂಗಳ ಎರಡನೇ ವಾರ. ಅವನಿಗೆ ಆಗ ಎರಡು ವರ್ಷ ಐದು ತಿಂಗಳು. ನಿಜವಾದ ಹೆಸರು ಬೇರೆ. ಬರೆಯಲು ಮನೆಯವರು ಒಪ್ಪಿದರು, ಹೆಸರು ಮಾತ್ರ ಬೇಡ ಅಂದರು. ಹಾಗಾಗಿ ಆ ಓಣಿಯಲ್ಲಿ ಯಾವ ಹುಡುಗನನ್ನಾದರೂ ಕರೆಯಬಹುದಾದ ಅಡ್ಡಹೆಸರನ್ನೇ ಇಟ್ಟುಕೊಂಡಿದ್ದೇನೆ. ಅಂಗನವಾಡಿ ಕಾರ್ಯಕರ್ತೆ ನನಗೆ ಹೇಳಿ ಕಳಿಸಿದ್ದು ಒಂದೇ ಮಾತು: "ಅಕ್ಕೋರ, ಆ ಹುಡುಗ ಮಾತಾಡವಲ್ಲ. ಒಮ್ಮಿ ಬಂದು ನೋಡ್ರಿ."

ನಾನು ಶಿಶುವಿಕಾಸ ಓದಿದವಳು, ವೈದ್ಯಳಲ್ಲ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ, ನೆಲದ ಮೇಲೆ ಕೂತು, ಕೂಸಿನ ಸಂಗಡ ಆಡುವುದು, ಮನೆಯವರು ಆಡುವಂತೆ ಮಾಡುವುದು ನನ್ನ ಕೆಲಸ. ಚೀಲದಲ್ಲಿ ಪುಸ್ತಕ, ಡಬ್ಬಿ, ಮುಚ್ಚಳ, ಚಿಂದಿ ಬಟ್ಟೆ ಇರುತ್ತವೆ. ಹೊಸ ಮನೆಗೆ ಹೋದಾಗ ಹೆಣ್ಣುಮಕ್ಕಳು ಮೊದಲು ಕೇಳುವುದು "ಏನರ ಮಾರಾಕ ಬಂದೀರೇನ್ರಿ?" ಅಂತ.

ಮನೆ

ಬನಹಟ್ಟಿಯಲ್ಲಿ ಬಸ್ಸಿಳಿದರೆ ಊರು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಗುಳೇದಗುಡ್ಡ ಕುಪ್ಪಸದ ಖಣಕ್ಕೆ, ಇಳಕಲ್ಲು ತನ್ನ ಸೀರೆಗೆ ಹೆಸರಾದ ಹಾಗೆ ರಬಕವಿ-ಬನಹಟ್ಟಿ ಪವರ್‌ಲೂಮಿಗೆ ಹೆಸರಾದದ್ದು. ಮಗ್ಗ ಇಲ್ಲಿ ಎಷ್ಟೋ ಕಡೆ ಮನೆಯೊಳಗೇ ಇರುತ್ತದೆ. ಗುಂಡ್ಯಾನ ಮನೆಯ ಪಡಸಾಲೆಯಲ್ಲಿ ಎರಡು ಮಗ್ಗ, ಗೋಡೆಯ ಬದಿಗೆ ಕಂಡಿಕಿ (ನೂಲು ಸುತ್ತಿಡುವ ಸಣ್ಣ ಕೊಳವೆ) ಸುತ್ತುವ ಮಷೀನು, ಅದರ ಹಿಂದೆ ಅಡುಗೆಮನೆ, ಒಂದು ಕೋಣೆ. ಅಪ್ಪ ಬೆಳಿಗ್ಗೆ ಏಳಕ್ಕೆ ಮಗ್ಗ ಹಚ್ಚಿದರೆ ರಾತ್ರಿ ಒಂಬತ್ತರವರೆಗೆ. ಅವ್ವ ಕಂಡಿಕಿ ಸುತ್ತುತ್ತಾಳೆ, ನಡುವೆ ರೊಟ್ಟಿ ಬಡಿಯುತ್ತಾಳೆ. ಆಯಿಗೆ, ಅಂದರೆ ಅಜ್ಜಿಗೆ, ಮೊಣಕಾಲು ನೋವು, ಬಾಗಿಲ ಬಳಿ ಕೂತಿರುತ್ತಾರೆ. ಎರಡೂ ಮಗ್ಗ ನಡೆದಾಗ ಪಕ್ಕದಲ್ಲಿ ಕೂತವರ ಮಾತು ಕೇಳಬೇಕಾದರೂ ಬಾಯಿಗೆ ಕಿವಿ ಹಚ್ಚಬೇಕು.

ಮೊದಲ ದಿನ ನಾನು ಏನೂ ಹೇಳಲಿಲ್ಲ. ಒಂದು ತಾಸು ಸುಮ್ಮನೆ ಕೂತು, ದೊಡ್ಡವರು ಕೂಸಿಗೆ ಆಡಿದ ಮಾತುಗಳನ್ನೆಲ್ಲ ಬರೆದುಕೊಂಡೆ. ಒಟ್ಟು 14 ಮಾತು. ಅದರಲ್ಲಿ 11 ಹೀಗಿದ್ದವು: "ಬ್ಯಾಡ", "ಈ ಕಡೆ ಬಾ", "ಏ, ಅಲ್ಲಿ ಹೋಗಬ್ಯಾಡ", "ತಿನ್ನು". ಉಳಿದ ಮೂರು ಆಯಿಯವು, ಮುದ್ದಿನ ಮಾತು. ಗುಂಡ್ಯಾ ಆಡಿದ್ದು ಎರಡು: "ಅವ್ವಾ", ಮತ್ತು ಫೋನಿನ ಚಾರ್ಜು ಮುಗಿದಾಗ "ಹೋ". ಅಡುಗೆಮನೆಯ ಹೊಸ್ತಿಲ ಒಳಗೆ ಚಾಪೆ ಹಾಸಿ, ಕೈಗೆ ಫೋನು ಕೊಟ್ಟು ಕೂರಿಸಿದ್ದರು. ಯಾವುದೋ ಹಿಂದಿ ಹಾಡಿನ ಕಾರ್ಟೂನು. ಮಗ್ಗದ ಸಪ್ಪಳದಲ್ಲಿ ಹಾಡು ಅವನಿಗೂ ಕೇಳಿಸುತ್ತಿರಲಿಲ್ಲ, ಬಣ್ಣಗಳು ಓಡುತ್ತಿದ್ದವು ಅಷ್ಟೇ.

ಫೋನು ಕಂಡ ಕೂಡಲೇ ತಾಯಂದಿರಿಗೆ ಪಾಠ ಹೇಳುವ ಚಾಳಿ ನಮ್ಮಂಥವರಿಗೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ನನಗೆ ಬಾಯಿಪಾಠ: ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಅದನ್ನೇ ಹೇಳಲು ಬಾಯಿ ತೆರೆದೆ. ಅವ್ವ ನನ್ನ ಮುಖ ನೋಡದೆ, ಮೋಟರಿನಿಂದ ಮಗ್ಗಕ್ಕೆ ಓಡುವ ಬೆಲ್ಟನ್ನು ತೋರಿಸಿದಳು. "ಫೋನ ಕೊಡಲಿಲ್ಲಂದ್ರ ಅದಕ್ಕ ಕೈ ಹಾಕ್ತಾನ್ರಿ. ಓಣ್ಯಾಗ ಒಬ್ಬ ಹುಡುಗಂದು ಬಳ್ಳ ಹೋಗೇತಿ." ಬಳ್ಳ ಅಂದರೆ ಈ ಕಡೆ ಬೆರಳು. ಆ ಮನೆಯಲ್ಲಿ ಫೋನು ಬೇಲಿಯ ಕೆಲಸ ಮಾಡುತ್ತಿತ್ತು. ಬೇಲಿ ಕೀಳಿರಿ ಅನ್ನುವ ಮೊದಲು ಬೇರೆ ಬೇಲಿ ಕೊಡಬೇಕಲ್ಲ.

ಮೊದಲು ಕಿವಿ

ಎರಡು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಸಾಮಾನ್ಯವಾಗಿ ಐವತ್ತರ ಆಸುಪಾಸು ಪದ ಆಡುತ್ತಾರೆ, ಎರಡೆರಡು ಪದ ಜೋಡಿಸುತ್ತಾರೆ: "ಅವ್ವ ಬಾ", "ಹಾಲ ಬೇಕ". ಆಯಿ ಮತ್ತು ಅವ್ವ ಇಬ್ಬರನ್ನೂ ಕೂರಿಸಿಕೊಂಡು ಎಣಿಸಿದೆವು. ಗುಂಡ್ಯಾನ ಲೆಕ್ಕ ಒಂಬತ್ತು ಪದಕ್ಕೆ ನಿಂತಿತು, ಜೋಡಿ ಒಂದೂ ಇಲ್ಲ. "ಗಂಡಹುಡುಗ್ರು ತಡಾ ಮಾಡ್ತಾವ ತಗೋರಿ, ಇವರಪ್ಪನೂ ಮೂರು ವರ್ಷಕ್ಕ ಮಾತಾಡಿದಾಂವ" ಎಂದರು ಆಯಿ. ಗಂಡುಮಕ್ಕಳು ಚೂರು ತಡ ಮಾಡುವುದು ನಿಜವೇ. ಆದರೆ ಈ ಮಾತನ್ನು ನಂಬಿ ಕಿವಿ ತೋರಿಸದೆ ಉಳಿದ ಕೂಸುಗಳನ್ನು ನಾನು ಕಂಡಿದ್ದೇನೆ, ಅದಕ್ಕೇ ಇಲ್ಲಿ ಹಟ ಹಿಡಿಯುತ್ತೇನೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಹುಟ್ಟಿನ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ, ಈ ನಾಲ್ಕನ್ನೂ ನೋಡುವುದು ಅವರ ಕೆಲಸ, ಖರ್ಚಿಲ್ಲ. ಅವರ ಚೀಟಿ ಹಿಡಿದು ಅಪ್ಪ ಒಂದು ದಿನದ ಮಗ್ಗ ನಿಲ್ಲಿಸಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಬಂದ. ಒಂದು ದಿನದ ಮಗ್ಗ ಅಂದರೆ ಒಂದು ದಿನದ ಕೂಲಿ, ಇದನ್ನು ಮರೆಯಬಾರದು. ಕಿವಿ ಸರಿ ಇದೆ ಎಂದು ಬರೆದುಕೊಟ್ಟರು. ನಾನು ನೋಡಿದ ಮಟ್ಟಿಗೆ ಕೂಸು ಕರೆದರೆ ತಿರುಗುತ್ತಿತ್ತು, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿತ್ತು, ತೋರಿಸಿ ನಮ್ಮ ಮುಖ ನೋಡುತ್ತಿತ್ತು. ಇವಿಷ್ಟು ಇದ್ದರೆ ನನಗೆ ಅರ್ಧ ಧೈರ್ಯ. ಹೇಳಲಿಕ್ಕೆ ಅವನಲ್ಲಿ ಇತ್ತು. ಮಾತಿನ ಸರದಿ ಅವನಿಗೆ ಬರುತ್ತಿರಲಿಲ್ಲ.

ನನ್ನ ತಪ್ಪು

ಜೂನ್ ಮೊದಲ ವಾರ ಐದು ಪುಸ್ತಕ ಕೊಟ್ಟೆ. ತೆಳುವಾದವು, ಪುಟಕ್ಕೊಂದು ದೊಡ್ಡ ಚಿತ್ರ, ಒಂದೆರಡು ಸಾಲು. ಎರಡರಲ್ಲಿ ಅಕ್ಷರವೇ ಇಲ್ಲ. "ರಾತ್ರಿ ಮಲಗೋ ಮುಂದ ಹತ್ತು ನಿಮಿಷ ಓದಿ ತೋರಸ್ರಿ" ಎಂದು ಹೇಳಿ ಬಂದೆ. ಓದಿದ್ದೆಲ್ಲ ಹಾಗೇ ಹೇಳುತ್ತದೆ: ಮಲಗುವ ಹೊತ್ತು, ಮಂದ ದೀಪ, ಕತೆ.

ಮುಂದಿನ ವಾರ ಹೋದಾಗ ಪುಸ್ತಕಗಳು ಗೋಡೆಯ ಗೂಡಿನಲ್ಲಿ, ಅಂದರೆ ಮಾಡದಲ್ಲಿ ಇದ್ದವು, ದೇವರ ಪಟದ ಪಕ್ಕ. ಗುಂಡ್ಯಾ ಒಂದು ಹಾಳೆ ಹರಿದಿದ್ದ. ಮತ್ತೊಂದರ ಮೇಲೆ ಕಾಲಿಟ್ಟಿದ್ದ. ಆಯಿ ಗಾಬರಿಯಾಗಿ ಅವನ ಕೈಲಿ ಪುಸ್ತಕ ಮುಟ್ಟಿಸಿ ಕಣ್ಣಿಗೆ ಒತ್ತಿಸಿ ಮೇಲೆ ಎತ್ತಿಟ್ಟುಬಿಟ್ಟಿದ್ದರು. "ಸರಸ್ವತಿ ಅಕ್ಕೋರ, ಕಾಲಾಗ ಬೀಳಬಾರ್ದು." ಇನ್ನು ರಾತ್ರಿಯ ವಿಷಯ. ಒಂಬತ್ತಕ್ಕೆ ಮಗ್ಗ ನಿಂತಾಗ ಅಪ್ಪನಿಗೆ ಊಟ ಬಡಿಸಬೇಕು, ಕೂಸು ಅಷ್ಟರಲ್ಲಿ ಆಯಿಯ ಕೌದಿಯೊಳಗೆ ನಿದ್ದೆ ಹೋಗಿರುತ್ತದೆ. ಅವ್ವ ಒಂದು ರಾತ್ರಿ ಎಬ್ಬಿಸಿ ಓದಿದಳಂತೆ, ಅದು ಅತ್ತಿತಂತೆ. "ನನಗ ಓದಾಕ ಚಲೋ ಬರಂಗಿಲ್ರಿ, ಐದನೇತ್ತಾ ಅಷ್ಟ ಕಲ್ತೀನಿ" ಎಂದು ತಪ್ಪು ತನ್ನ ಮೇಲೆ ಹಾಕಿಕೊಂಡಳು. ತಪ್ಪು ಅವಳದ್ದಲ್ಲ. ಹದಿನಾಲ್ಕು ತಾಸು ನೆಯ್ಯುವ ಮನೆಗೆ ನಾನು ಬೇರೆ ಯಾರದ್ದೋ ಮನೆಯ ದಿನಚರಿ ಹೊತ್ತುಕೊಂಡು ಹೋಗಿದ್ದೆ.

ಅದೇ ಭೇಟಿಯಲ್ಲಿ, ನಾವು ಕೂಗಿ ಕೂಗಿ ಮಾತಾಡುತ್ತಿದ್ದಾಗ, ಕರೆಂಟು ಹೋಯಿತು.

ಮಳೆಗಾಲದ ಗಾಳಿಗೆ ಇದು ಹೊಸದಲ್ಲ. ಮಗ್ಗ ಎರಡೂ ಉಸಿರು ಬಿಟ್ಟಂತೆ ನಿಂತವು. ಓಣಿಯ ಮಗ್ಗಗಳೂ ನಿಂತವು. ಬೇವಿನ ಗಿಡದಲ್ಲಿ ಕಾಗೆ ಕೂಗಿದ್ದು ಆಗಲೇ ನನಗೆ ಕೇಳಿಸಿದ್ದು. ಗುಂಡ್ಯಾ ತಟ್ಟನೆ ಫೋನು ಕೆಳಗಿಟ್ಟು ಬಾಗಿಲಿಗೆ ಓಡಿ ಆಯಿಯ ತೊಡೆ ಏರಿದ. ಬೆಲ್ಟು ನಿಂತದ್ದು ಅವನಿಗೆ ಗೊತ್ತು. ಈಗ ಯಾರೂ "ಬ್ಯಾಡ" ಅನ್ನುವುದಿಲ್ಲ. ಅಪ್ಪ ಬಂದು ಕಟ್ಟೆಯ ಮೇಲೆ ಕೂತ, ಅವ್ವ ಸೆರಗಿನಿಂದ ಬೆವರು ಒರೆಸಿಕೊಂಡು ಅವನ ಪಕ್ಕ. ಐದು ತಿಂಗಳ ಕೆಲಸಕ್ಕೆ ಬೇಕಾದದ್ದೆಲ್ಲ ಆ ಕಟ್ಟೆಯ ಮೇಲೆ ತಾನಾಗಿ ಬಂದು ಕೂತಿತ್ತು: ತೊಡೆ, ಬೆಳಕು, ಸದ್ದಿಲ್ಲದ ಹೊತ್ತು. ನಾನು ಮಾಡದಿಂದ ಒಂದು ಪುಸ್ತಕ ತೆಗೆದುಕೊಡಲು ಆಯಿಯ ಅಪ್ಪಣೆ ಕೇಳಿದೆ.

ಸರದಿ

ಆ ದಿನ ತೆಗೆದದ್ದು ಬೆಕ್ಕಿನ ಪುಸ್ತಕ. ಅವ್ವ ಬೆರಳಿಟ್ಟು ಓದಿದಳು: "ಬೆಕ್ಕು ಹಾಲು ಕುಡಿಯುತ್ತಿದೆ." ಶಾಲೆಯ ದನಿ ಬಂದಿತ್ತು, ಮಗನ ಮುಖ ನೋಡಲಿಲ್ಲ. ಕೂಸು ಹಾಳೆ ತಿರುವಲು ಕೈ ಹಾಕಿತು. ನಾನು ಅಂದೆ, ಬರೆದದ್ದು ಬಿಡವ್ವ, ನೀನು ಆಯಿಗೆ ಹೇಳೋ ಹಂಗ ಇವಗ ಹೇಳು. ಅವಳು ನಕ್ಕಳು. "ನೋಡೋ, ಬೆಕ್ಕ ಹಾಲ ಕುಡ್ಯಾಕ ಹತ್ತೇತಿ. ನಮ್ಮ ಹಾಲೂ ಕುಡದ ಹೋಗಿತ್ತಲ್ಲ ಮೊನ್ನೆ?" ಗುಂಡ್ಯಾ ಚಿತ್ರ ನೋಡಿದ, ಅಡುಗೆಮನೆ ಕಡೆ ನೋಡಿದ, ಮತ್ತೆ ಚಿತ್ರ ನೋಡಿ, "ಹಾಲಾ" ಅಂದ. ಒಂಬತ್ತರ ಪಟ್ಟಿಯಲ್ಲಿ ಈ ಪದ ಇರಲಿಲ್ಲ.

ಪುಸ್ತಕದ ಕನ್ನಡ ಮತ್ತು ಮನೆಯ ಕನ್ನಡ ಬೇರೆಯಾಗಿರುವುದು ನಮ್ಮ ಭಾಗದ ತಾಯಂದಿರಿಗೆ ದೊಡ್ಡ ಗೋಡೆ. "ಇದೆ" ಎಂದು ಅಚ್ಚಾದದ್ದನ್ನು "ಐತಿ" ಎಂದು ಹೇಳಿದರೆ ತಪ್ಪಾಗುತ್ತದೇನೋ ಎಂದು ಹೆದರುತ್ತಾರೆ. ಎರಡು ವರ್ಷದ ಕೂಸಿಗೆ ಮನೆಯ ಮಾತೇ ಮೊದಲ ಅಕ್ಷರ. ಪುಸ್ತಕದ ಮಾತು ಆರನೇ ವರ್ಷಕ್ಕೆ ಬಂದರೂ ನಷ್ಟವಿಲ್ಲ ಎಂದು ನಾನು ಎಲ್ಲ ಮನೆಯಲ್ಲೂ ಹೇಳುತ್ತೇನೆ. ಶಾಲೆಯ ಕೆಲವು ಗೆಳತಿಯರಿಗೆ ಇದು ಹಿಡಿಸುವುದಿಲ್ಲ, ಇರಲಿ.

ಓದಿನ ಈ ಬಗೆ ನನ್ನ ಕಲ್ಪನೆಯಲ್ಲ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಅಮೆರಿಕದ ಲಾಂಗ್ ಐಲೆಂಡಿನಲ್ಲಿ ಎರಡು-ಮೂರು ವರ್ಷದ ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ನಡೆಸಿದ ಪ್ರಯೋಗವನ್ನು 1988ರಲ್ಲಿ ಪ್ರಕಟಿಸಿದರು. ಎರಡೂ ಗುಂಪಿನ ತಂದೆತಾಯಿ ಮಕ್ಕಳಿಗೆ ಓದುತ್ತಿದ್ದರು. ಒಂದು ಗುಂಪು ಮಾತ್ರ ಓದುವ ರೀತಿ ಬದಲಿಸಿತು: ಪ್ರಶ್ನೆ ಕೇಳುವುದು, ಮಗು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ಮರಳಿ ಹೇಳುವುದು, ಮಗುವನ್ನೇ ಕತೆ ಹೇಳಲು ಬಿಡುವುದು. ತಿಂಗಳಲ್ಲಿ ಆ ಮಕ್ಕಳ ಮಾತು ಮುಂದೆ ಹೋಗಿತ್ತು. ಅಲ್ಲಿನ ಮನೆಗಳು ಉಳ್ಳವರ ಮನೆಗಳು, ಮಗ್ಗದ ಸಪ್ಪಳ ಇಲ್ಲದವು. ಬನಹಟ್ಟಿಗೆ ನಾನು ಎತ್ತಿಕೊಂಡದ್ದು ಸರದಿಯೊಂದನ್ನೇ.

ಅದನ್ನು ಅವ್ವನಿಗೆ ಹೇಳಿಕೊಟ್ಟದ್ದು ಲಾಳಿಯಿಂದ, ಮಗ್ಗದಲ್ಲಿ ನೂಲನ್ನು ಆಚೀಚೆ ಒಯ್ಯುವ ಸಾಧನದಿಂದ. ಲಾಳಿ ಆ ಕಡೆಯಿಂದ ಈ ಕಡೆ ಬರದಿದ್ದರೆ ಬಟ್ಟೆ ಆಗುತ್ತದೇನು? ನೀನು ಒಂದು ಅನ್ನು, ಅವನ ಕಡೆಯಿಂದ ಬರುವ ತನಕ ತಡಿ. ಮನಸ್ಸಿನಲ್ಲಿ ಐದು ಎಣಿಸು. ಅವನು "ಹಾಲಾ" ಅಂದರೆ ನೀನು "ಹಾಂ, ಬಿಸಿ ಹಾಲ" ಅನ್ನು. ಅವನು ಬೆರಳು ಮಾಡಿದರೂ ಅದು ಮಾತೇ, ಅದಕ್ಕೂ ಉತ್ತರ ಕೊಡು. ಐದು ಎಣಿಸುವುದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ನನಗೂ ಕಷ್ಟವೇ, ಸುಮ್ಮನಿರುವುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಹರಿದ ಹಾಳೆಗೆ ಮೈದಾ ಅಂಟು ಕಾಸಿ, ಗುಂಡ್ಯಾನ ಕೈಯಿಂದಲೇ ಹಚ್ಚಿಸಿದೆವು. ಹಾಳೆ ಹರಿಯುವುದು ಆ ವಯಸ್ಸಿನಲ್ಲಿ ತಿರುವಲು ಕಲಿಯುವುದರ ಒಂದು ಭಾಗ ಎಂದು ಆಯಿಗೆ ಹೇಳಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಆದರೆ ಬಾಗಿಲ ಬಳಿ ಗೂಟಕ್ಕೆ ಒಂದು ಕೈಚೀಲ ನೇತುಹಾಕಿ ಪುಸ್ತಕಗಳನ್ನು ಅದರೊಳಗೆ ಇಟ್ಟರು: ನೆಲಕ್ಕಿಂತ ಎತ್ತರ, ದೇವರಿಗಿಂತ ಕೆಳಗೆ, ಕೂಸಿನ ಕೈಗೆ ಸರಿಯಾಗಿ. ಇಷ್ಟು ಚಂದದ ರಾಜಿ ನನಗೆ ಹೊಳೆಯುತ್ತಿರಲಿಲ್ಲ.

ಎತ್ತು ಮತ್ತು ಕಂಡಿಕಿ

ಕರೆಂಟು ಹೋಗುವುದನ್ನು ನಂಬಿ ಎಷ್ಟು ದಿನ ಕೂರಲಾದೀತು? ವಾರದಲ್ಲಿ ಮೂರು ದಿನ ಹೋಗುತ್ತಿತ್ತು, ಒಂದು ವಾರ ಹೋಗಲೇ ಇಲ್ಲ. ಅಪ್ಪ ಮೊದಲಿನಿಂದ ಮಾತು ಕಡಿಮೆ. ಅವನು ಒಂದು ದಿನ ತಾನಾಗಿ, ಮಧ್ಯಾಹ್ನ ಉಂಡಾದ ಮೇಲೆ ಇಪ್ಪತ್ತು ನಿಮಿಷ ಮಗ್ಗ ತಡವಾಗಿ ಹಚ್ಚುತ್ತೇನೆ ಎಂದ. ಯಾಕೆಂದು ನಾನು ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಈ ಪ್ರಕರಣದ ದೊಡ್ಡ ಖರ್ಚು ಅದೇ, ಅದನ್ನು ಕೊಟ್ಟದ್ದು ಅವನು.

ಇನ್ನು ಬೇಲಿ. ಅಡುಗೆಮನೆಯ ಹೊಸ್ತಿಲಿಗೆ ಅಪ್ಪ ಹಳೆಯ ಹಲಗೆಯಿಂದ ಸೊಂಟದೆತ್ತರದ ಅಡ್ಡಬಾಗಿಲು ಮಾಡಿದ. ಒಳಗೆ ಕೂಸು ಆಡಬೇಕಲ್ಲ, ಏನು ಕೊಡುವುದು? 1986-87ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆಯ್ದುಕೊಂಡಿತ್ತು. ಅವರಲ್ಲಿ ಅರ್ಧದಷ್ಟು ಮಕ್ಕಳ ಮನೆಗೆ ವಾರಕ್ಕೊಂದು ತಾಸು, ಎರಡು ವರ್ಷ, ಆರೋಗ್ಯ ಕಾರ್ಯಕರ್ತೆಯರು ಹೋಗಿ ತಾಯಂದಿರೊಡನೆ ಆಡಿಸಿದರು. ಆಟಿಕೆಗಳು ಮನೆಯಲ್ಲಿ ಬಿಸಾಡುವ ಸಾಮಾನಿನಿಂದ ಮಾಡಿದವು. ಇಪ್ಪತ್ತು ವರ್ಷದ ನಂತರ ನೋಡಿದರೆ ಆ ಮಕ್ಕಳ ಗಳಿಕೆ ಉಳಿದವರಿಗಿಂತ 25 ಶೇಕಡಾ ಹೆಚ್ಚಿತ್ತು. ನಾನು ಚೀಲ ಹೊತ್ತು ತಿರುಗುವುದಕ್ಕೆ ಈ ಕೆಲಸವೇ ಮೂಲ. ನೇಕಾರರ ಮನೆಯಲ್ಲಿ ಬಿಸಾಡುವ ಸಾಮಾನಿಗೇನು ಕೊರತೆ? ಖಾಲಿ ಕಂಡಿಕಿ ಬುಟ್ಟಿ ತುಂಬಾ ಇದ್ದವು. ತುದಿ ಸವೆದವನ್ನು ತೊಳೆದು, ಕೆಂಪು, ಹಸಿರು, ಹಳದಿ ನೂಲಿನ ತುಂಡು ಸುತ್ತಿ ಕೊಟ್ಟೆವು. ಡಬ್ಬಿಗೆ ಹಾಕುವುದು, ತೆಗೆಯುವುದು, ಸಾಲು ನಿಲ್ಲಿಸುವುದು. ಅವ್ವ ಮಷೀನಿನ ಬಳಿಯಿಂದಲೇ ಕೆಂಪಿನದು ಎತ್ತಿ ತೋರಿಸಿದರೆ ಇವನು ಅಡ್ಡಬಾಗಿಲ ಆಚೆಯಿಂದ ಕೆಂಪಿನದನ್ನೇ ಎತ್ತಿ ತೋರಿಸುವ ಆಟ ಅವರಿಬ್ಬರೇ ಹುಟ್ಟಿಸಿದ್ದು. ಸಪ್ಪಳದ ನಡುವೆಯೂ ಸರದಿ ನಡೆಯಿತು, ಬಾಯಿಯಿಲ್ಲದೆ.

ಜೂನ್ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಮಾಸಿ ದಿನ ಈ ಮನೆಯ ಮಗ್ಗಕ್ಕೆ ರಜೆ. ಆಯಿ ಕರಿಮಣ್ಣು ತರಿಸಿ ಪೂಜೆಗೆ ಎರಡು ಎತ್ತು ಮಾಡಿದರು, ಮೊಮ್ಮಗನಿಗೆ ಅಂತ ಮೂರನೆಯದೊಂದು, ಬೆರಳುದ್ದದ್ದು. ಮಣ್ಣು ಕಲಸುವುದು, ಕೋಡು ಏರಿಸುವುದು, ಜೋಳದ ಕಾಳಿನ ಕಣ್ಣು ಇಡುವುದು, ಪ್ರತಿಯೊಂದಕ್ಕೂ ಆಯಿಯ ಬಾಯಲ್ಲಿ ಮಾತು ಇತ್ತು. ಮೊಣಕಾಲು ನೋವಿನ ಆ ಹೆಣ್ಣುಮಗಳಿಗೆ ಅಕ್ಷರ ಬಾರದು. ಆದರೂ ಆ ಮನೆಯ ಅತ್ಯುತ್ತಮ ಓದುಗಿತ್ತಿ ಅವರೇ ಎಂದು ನನಗೆ ಅಂದೇ ಗೊತ್ತಾದದ್ದು. ಅವರು ಮಣ್ಣೆತ್ತನ್ನು ನಡೆಸಿಕೊಂಡು ಬಂದು ಬೆಕ್ಕಿನ ಪುಸ್ತಕದ ಮೇಲೆ ನಿಲ್ಲಿಸಿ, "ಬೆಕ್ಕ ಎತ್ತಿಗೆ ಅಂಜತೈತೇನು?" ಎಂದು ಕೇಳಿದರು. ಕೇಳಿ ಸುಮ್ಮನಾದರು. ಐದಲ್ಲ, ಹತ್ತು ಎಣಿಸುವಷ್ಟು ಹೊತ್ತು. ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಸರವಿಲ್ಲದವರ ರೀತಿಯೇ ಅದು. ಗುಂಡ್ಯಾ ಎತ್ತನ್ನು ಹಿಂದಕ್ಕೆ ಎಳೆದುಕೊಂಡು, "ಎತ್ತ ಅಂಜತು" ಅಂದ.

ಅವನ ಮೊದಲ ಜೋಡಿ ಪದ. ಬೆಕ್ಕಲ್ಲ, ಎತ್ತೇ ಅಂಜಿದ್ದು.

ಎಷ್ಟು ಆಯಿತು, ಎಷ್ಟು ಆಗಲಿಲ್ಲ

ಪಂಚಮಿಯವರೆಗೆ ಚೆನ್ನಾಗಿ ನಡೆಯಿತು. ಆಮೇಲೆ ದಸರೆಯ ಮುಂಚಿನ ಗಿರಾಕಿ ಶುರುವಾಗಿ, ನೂಲು ಕೊಡುವ ಸಾವಕಾರರಿಂದ ದಿನಾ ತಗಾದೆ. ಮಧ್ಯಾಹ್ನದ ಇಪ್ಪತ್ತು ನಿಮಿಷ ಹೋಯಿತು, ಮಗ್ಗ ರಾತ್ರಿ ಹನ್ನೊಂದರವರೆಗೆ. ಮೂರು ವಾರ ಗುಂಡ್ಯಾ ಮತ್ತೆ ಫೋನಿನೊಂದಿಗೆ. ಅವ್ವ ನನ್ನನ್ನು ಕಂಡು ಫೋನು ಕಸಿದುಕೊಂಡು ಅಡಗಿಸಿದಳು, ಕೂಸು ಕಿರುಚಿತು, ನನಗೆ ಬಹಳ ಕೆಟ್ಟನಿಸಿತು. ಕೂಲಿ ಕಟ್ಟಿಕೊಂಡ ಮನೆಗೆ ಪರೀಕ್ಷಕರಂತೆ ಹೋಗಬಾರದು. ಆ ಮೂರು ವಾರ ನಾನು ಪುಸ್ತಕದ ಸುದ್ದಿ ಎತ್ತಲಿಲ್ಲ, ಅವಳ ಜೊತೆ ಕೂತು ಕಂಡಿಕಿ ಬುಟ್ಟಿ ತುಂಬಿಸಿದೆ, ಗುಂಡ್ಯಾನನ್ನು ಕಟ್ಟೆಗೆ ಕರೆದೊಯ್ದೆ.

ನವೆಂಬರಿನಲ್ಲಿ, ಅವನಿಗೆ ಎರಡು ವರ್ಷ ಹನ್ನೊಂದು ತಿಂಗಳಾದಾಗ, ಮತ್ತೆ ಎಣಿಸಿದೆವು. ನೂರಾ ಇಪ್ಪತ್ತರ ನಂತರ ಆಯಿ "ಸಾಕ್ರಿ" ಅಂದರು. ಮೂರು ಪದದ ಮಾತು ಬರುತ್ತಿದ್ದವು: "ಅಪ್ಪ ಮಗ್ಗ ಹಚ್ಚಬ್ಯಾಡ." ಓಣಿಯವರಿಗೆ ಅವನ ಮಾತು ಅರ್ಧ ಮಾತ್ರ ತಿಳಿಯುತ್ತದೆ, "ರ" ಇನ್ನೂ ಬರುವುದಿಲ್ಲ, ವಯಸ್ಸಿಗೆ ತಕ್ಕದ್ದರಲ್ಲಿ ಇನ್ನೂ ಕೊಂಚ ಹಿಂದೆ. ಮತ್ತೆ ತೋರಿಸಲು ಹೇಳಿದ್ದೇನೆ. ಫೋನು ಹೋಗಿಲ್ಲ, ಕಡಿಮೆಯಾಗಿದೆ.

ಇದೆಲ್ಲ ಪುಸ್ತಕದಿಂದ ಆಯಿತೇ? ಹುಡುಗ ಆರು ತಿಂಗಳು ದೊಡ್ಡವನೂ ಆದ. ಇವನಂಥದೇ ಇನ್ನೊಬ್ಬನನ್ನು ಏನೂ ಮಾಡದೆ ಪಕ್ಕದ ಮನೆಯಲ್ಲಿ ಕೂರಿಸಿ ಹೋಲಿಸಲು ಬರುವುದಿಲ್ಲ. ಒಂದು ಮಾತು ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿ ಎಣಿಕೆಗೆ ಸಿಗುತ್ತದೆ: ಮೇ ತಿಂಗಳಂತೆಯೇ ನವೆಂಬರಿನಲ್ಲೂ ಒಂದು ತಾಸು ಕೂತು ಬರೆದೆ, ಎರಡೂ ಮಗ್ಗ ನಡೆದಿದ್ದವು. ದೊಡ್ಡವರು ಕೂಸಿಗೆ ಆಡಿದ ಮಾತು 14ರಿಂದ 53ಕ್ಕೆ ಏರಿತ್ತು. "ಬ್ಯಾಡ" ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೆಲ್ಟು ಅಲ್ಲೇ ಇದೆಯಲ್ಲ.

ಪುಸ್ತಕ ಮರಳಿ ಪಡೆಯುವಾಗ ಒಂದು ಸಂಗತಿ ತಿಳಿಯಿತು. ಮಹಾನವಮಿಯ ದಿನ ಖಂಡೇಪೂಜೆಗೆ, ಅಂದರೆ ದುಡಿಯುವ ಸಾಮಾನುಗಳ ಪೂಜೆಗೆ, ಆಯಿ ಲಾಳಿ, ಕತ್ತರಿಗಳ ಜೊತೆ ಐದೂ ಪುಸ್ತಕ ಇಟ್ಟು ಕುಂಕುಮ ಏರಿಸಿದ್ದರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಎತ್ತುವಂತಿಲ್ಲ. ಆದರೆ ಮಗ್ಗ ನಿಂತು ಮನೆ ಸದ್ದಿಲ್ಲದಂತಾದ ಕೂಡಲೇ ಗುಂಡ್ಯಾ ಗೂಟದ ಚೀಲಕ್ಕೆ ಹೋಗಿ ನೋಡಿದ್ದಾನೆ, ಖಾಲಿ. ಅಳು ನಿಲ್ಲಲಿಲ್ಲವಂತೆ. ಕಡೆಗೆ ಆಯಿಯೇ ಕೈಮುಗಿದು, "ತಪ್ಪಾತವ್ವ ತಾಯಿ" ಎಂದು ಬೆಕ್ಕಿನ ಪುಸ್ತಕ ಒಂದನ್ನು ಪೂಜೆಯಿಂದ ಎತ್ತಿ ತಂದರಂತೆ. ಇದನ್ನು ಸೊಸೆ ಹೇಳಿ ನಗುವಾಗ ಅವರು ನನ್ನ ಕಡೆ ನೋಡಲಿಲ್ಲ.

ಆ ಪುಸ್ತಕ ಈಗ ರಬಕವಿಯ ಒಂದು ಮನೆಯಲ್ಲಿದೆ. ಮೊದಲ ಪುಟದ ಬೆಕ್ಕಿನ ಹಣೆಗೆ ಕುಂಕುಮ ಹತ್ತಿಕೊಂಡಿದೆ, ಒರೆಸಿದರೂ ಹೋಗಿಲ್ಲ. ಅಲ್ಲಿನ ಹುಡುಗಿಗೆ ಹಾಲಿನ ಬಗ್ಗೆ ಏನು ಕೇಳಿದರೂ ಲಕ್ಷ್ಯವಿಲ್ಲ. ಬೆರಳು ನೇರ ಆ ಕೆಂಪಿನ ಮೇಲೆ ಹೋಗಿ ನಿಲ್ಲುತ್ತದೆ, ಮತ್ತೆ ಅವ್ವನ ಹಣೆಗೆ.